ರಾಹೇಲವ್ವನ ಕುಣಿ

"ಇದೇನ್ರೀ, ಕುಣಿ ತೋಡೀರೋ ಬಾವಿ ತೋಡೀರೋ?"

ಹೋದ ಮಂಗಳವಾರ ಮನೋಳಿಯ ನಮ್ಮ ಸ್ಮಶಾನದಲ್ಲಿ ನನ್ನ ಬಾಯಿಂದ ಬಿದ್ದ ಮಾತಿದು. ಬೀಳಬಾರದಿತ್ತು. ಬಿತ್ತು. (ನನ್ನ ಬಾಯಿಯ ವಿಷಯ ಈ ಅಂಕಣದ ಓದುಗರಿಗೆ ಹೊಸದಲ್ಲ.)

ನಮ್ಮೂರ ಸೂಲಗಿತ್ತಿ ರಾಹೇಲವ್ವ ಸೋಮವಾರ ಸಂಜೆ ತೀರಿಕೊಂಡಳು. ನಮ್ಮ ಪುಟ್ಟ ಆಂಗ್ಲಿಕನ್ ಸಭೆಗೆ ಅವಳೇ ಹಿರಿಯಳು. ಸಭೆಯವಳು ಅನ್ನುವುದಕ್ಕಿಂತ ಊರಿನವಳು ಅನ್ನಬೇಕು. ಅರ್ಧ ಮನೋಳಿ ಈ ಲೋಕದಲ್ಲಿ ಮೊದಲು ಕಂಡದ್ದೇ ಅವಳ ಮುಖವನ್ನು. ಪಾದ್ರಿ ಸಾಹೇಬರು ಕಿತ್ತೂರಿನಲ್ಲಿದ್ದರು. ಅವರಿಗೆ ಸುದ್ದಿ ಮುಟ್ಟಿ, ಚಕ್ಕಡಿ ಹೂಡಿಸಿಕೊಂಡು ಬರುವಷ್ಟರಲ್ಲಿ ಎರಡು ದಿನ. ವೈಶಾಖದ ಬಿಸಿಲು ಅಷ್ಟು ಕಾಯುತ್ತದೆಯೇ? ಶಾಲೆಯ ಮಾಸ್ತರನೂ ಭಾನುವಾರದ ಪ್ರಾರ್ಥನೆ ಓದುವವನೂ ಆದ ನಾನೇ ಮಣ್ಣು ಮಾಡಿಸಬೇಕಾಯಿತು.

ಅವಳ ಮಗಳು ಮಾರ್ಥಾ ಕೇಳಿದ್ದು ಇಷ್ಟೇ. "ಅಪ್ಪನ ಮಗ್ಗಲಕ ಮಲಗಸ್ರಿ ಮಾಸ್ತರ. ಪ್ರಾರ್ಥನಿ ಪೂರಾ ಆಗಲಿ. ಅವ್ವ ಬ್ಯಾರೆ ಏನೂ ಬೇಡಿಲ್ಲ."

ಕುಣಿ ತೋಡುವ ಕೆಲಸವನ್ನು ಪಕ್ಕದ ಹೊಲದ ಬಸಪ್ಪ ಯಾರೂ ಹೇಳದೆಯೇ ಹೊತ್ತುಕೊಂಡಿದ್ದ. ನಸುಕಿನಲ್ಲೇ ನಾಲ್ಕು ಆಳು ಕಟ್ಟಿಕೊಂಡು ಬಂದು ಒಣಗಿ ಬಿರಿದ ಎರೆಮಣ್ಣಿನಲ್ಲಿ ಬೆವರು ಸುರಿಸಿದ್ದ. ಕುಣಿಯೇನೋ ಬಲು ಚಂದ ಬಂದಿತ್ತು. ಚೌಕ. ಆಳ. ಒಂದು ಪಕ್ಕಕ್ಕೆ ಗೂಡು. ಲಿಂಗವಂತರು ತಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರಲ್ಲ, ಥೇಟ್ ಹಾಗೆ! ತನ್ನ ಹೆತ್ತವ್ವನಿಗೆ ತೋಡಿದಂತೆಯೇ ತೋಡಿದ್ದ.

"ನಮ್ಮಾಗ ಮಲಗಸೂದು, ಬಸಪ್ಪ. ಕಡೀ ದಿನ ಆಕಿ ಮತ್ತ ಏಳತಾಳ" ಎಂದೆ, ಪಾಠ ಹೇಳುವ ದನಿಯಲ್ಲಿ.

ಬಸಪ್ಪ ಹಣೆ ಒರೆಸಿಕೊಂಡ. "ಏಳೂದು ಖರೇ ಇದ್ರ, ಮಲಗಿದಾಕಿಗಿಂತ ಕುಂತಾಕಿಗೆ ಸಲೀಸ ಅಲ್ಲೇನ್ರಿ?"

ಪ್ರೇಯರ್ ಬುಕ್ಕಿನಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಗೊತ್ತಿಲ್ಲದ ಮಾಸ್ತರ ಏನು ಮಾಡುತ್ತಾನೆ? ರೇಗುತ್ತಾನೆ. ಆ ಬಾವಿಯ ಮಾತು ಹೊರಬಿದ್ದದ್ದು ಆಗಲೇ.

ಬಸಪ್ಪ ಗುದ್ದಲಿ ಕೆಳಗಿಟ್ಟ. ಅವನ ಜನರೂ ಇಟ್ಟರು. ಮಾರ್ಥಾ ನನ್ನನ್ನೇ ನೋಡಿದಳು. ನಮ್ಮ ಸಭೆಯ ಗಂಡಸರೆಂದರೆ ಅಲ್ಲಿ ನಾನು, ಮತ್ತು ಕೋಲೂರಿ ನಿಂತ ಇಬ್ಬರು ಮುದುಕರು. ಇವರು ಸಿಟ್ಟಾಗಿ ಹೊರಟುಬಿಟ್ಟರೆ ರಾಹೇಲವ್ವನಿಗೆ ಇವತ್ತು ಮಣ್ಣು ಸಿಗುವುದುಂಟೇ? ನನಗೆ ನಾಚಿಕೆಯಾಯಿತು. ಆದರೂ ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ.

ಆಗ ಕುಣಿಯೊಳಗೆ ಇಳಿದವರು ಯಾರು ಗೊತ್ತೇ? ಮೇಲಿನ ಓಣಿಯ ಇನ್ನೊಂದು ಕ್ರೈಸ್ತ ಸಭೆಯ, ಮೆಥಡಿಸ್ಟರ, ಉಪದೇಶಿ ಯೋಹಾನಪ್ಪನವರು. ಎರಡು ವರ್ಷದಿಂದ ಅವರಿಗೂ ನನಗೂ ಮಾತಿಲ್ಲ. ನಮ್ಮ ಸಭೆಯ ಇಬ್ಬರು ಒಳ್ಳೆಯ ಹಾಡುಗಾರರು ಅವರ ಸಭೆಗೆ ಹೋದದ್ದೇ ಕಾರಣ. (ಅದಕ್ಕೆ ಕಾರಣ ಯೋಹಾನಪ್ಪನವರಲ್ಲ, ನನ್ನ ಭಾನುವಾರದ ಉಪದೇಶ ಪ್ರಸಂಗದ ಉದ್ದ ಎನ್ನುತ್ತಾಳೆ ನನ್ನ ಹೆಂಡತಿ.) ಮಣ್ಣಿಗೆಂದು ಬಂದವರು ಕೋಟು ಕಳಚಿ ಬೇಲಿಗೆ ಹಾಕಿ ಗುದ್ದಲಿ ಎತ್ತಿಕೊಂಡಿದ್ದರು.

"ಬಸಪ್ಪಣ್ಣ, ಮುಕ್ಕಾಲು ಕೆಲಸ ನೀವ ಮಾಡೀರಿ. ಈ ಕಡಿ ಎರಡ ಮೊಳ ಉದ್ದ ಮಾಡಿ, ಆಳ ಇದ್ದಲ್ಲಿ ಮಣ್ಣ ತುಂಬಿದ್ರ ಆತು. ಬರ್ರಿ. ಮಾಸ್ತರ, ನೀವು ಬುಟ್ಟಿ ಹಿಡೀರಿ."

ಹಿಡಿದೆ. ಎರಡು ವರ್ಷದ ಮೌನ ಮುರಿದದ್ದು ಇಷ್ಟು ಸುಲಭವಾಗಿ! ಬಸಪ್ಪ ಮತ್ತೆ ಗುದ್ದಲಿ ಎತ್ತಿಕೊಂಡ. ಆಮೇಲೆ ಅವನೂ ಇಳಿದ. ಬುಟ್ಟಿ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು, ಜೊತೆಗೆ ಜಂಬವೂ. "ತಪ್ಪಾತು ಬಸಪ್ಪ" ಎಂದೆ.

"ಇರಲಿ ಬಿಡ್ರಿ. ಬುಟ್ಟಿ ಲಗೂ ತರ್ರಿ" ಎಂದ.

ರಾಹೇಲವ್ವ ಗಂಡನ ಮಗ್ಗುಲಲ್ಲಿ ಮಲಗಿದಳು. ಪುಸ್ತಕ ತೆರೆದು ಓದಲು ನಿಂತರೆ ನನಗೆ ಅಕ್ಷರವೇ ಕಾಣಲಿಲ್ಲ. ನನ್ನ ಮೂವರು ಮಕ್ಕಳನ್ನೂ ಎತ್ತಿ ಕೊಟ್ಟವಳು ಅವಳು. ಅಳು ತಡೆಯಲಾಗಲಿಲ್ಲ. ಉಳಿದದ್ದನ್ನು ಯೋಹಾನಪ್ಪನವರು ಬಾಯಿಪಾಠದಿಂದಲೇ ಪೂರಾ ಮಾಡಿದರು. ಮಾರ್ಥಾ "ಆಮೆನ್" ಅಂದಳು.

ಜನ ಮಣ್ಣು ಹಾಕುವಾಗ ಬಸಪ್ಪ ಮುಷ್ಟಿಯಲ್ಲಿ ಬಿಲ್ವಪತ್ರೆ ಹಿಡಿದು ಹಿಂದೆ ಹಿಂದೆ ನಿಂತಿದ್ದ. "ಮಾರ್ಥಾ, ಎರಡ ಪತ್ರಿ ಹಾಕಲೇನವಾ?"

"ಹಾಕ ಅಣ್ಣಾ. ನಿನ್ನ ಮದಲ ಕೈಯಾಗ ಹಿಡದಾಕಿ ಆಕೀನ ಅಲ್ಲೇನು?"

ಹಾಕಿದ. ಆಕ್ಷೇಪಿಸಬೇಕೆಂದು ನನಗೆ ಅನ್ನಿಸಲೂ ಇಲ್ಲ. ಭಾನುವಾರ ಯೋಹಾನಪ್ಪನವರು ನಮ್ಮ ಪ್ರಾರ್ಥನೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಆ ಇಬ್ಬರು ಹಾಡುಗಾರರೂ ಬಂದಿದ್ದರು. ಎಷ್ಟು ದಿನದ ಮೇಲೆ ನಮ್ಮ ಹಾಡು ಹಾಡಿನಂತೆ ಕೇಳಿಸಿತು! (ಪ್ರಸಂಗವನ್ನೂ ಚಿಕ್ಕದು ಮಾಡಿದೆ.)

ನಡೆದದ್ದನ್ನೆಲ್ಲ ಪಾದ್ರಿ ಸಾಹೇಬರಿಗೆ ಬರೆದು ತಿಳಿಸಿದ್ದೆ; ನಿನ್ನೆ ಕಿತ್ತೂರಿನಿಂದ ಅವರ ಕಾಗದ ಬಂತು. ರಾಹೇಲವ್ವನಿಗಾಗಿ ಮನಸಾರೆ ಮರುಗಿದ್ದಾರೆ. ಕೊನೆಗೊಂದು ಪ್ರಶ್ನೆ: ಪ್ರಾರ್ಥನೆ ನಡೆಸಲು ನಮ್ಮ ಸಭೆ ಕೊಡುವ ಲೈಸೆನ್ಸ್ ಇಲ್ಲದವರು ನಮ್ಮ ಸ್ಮಶಾನದಲ್ಲಿ ಪ್ರಾರ್ಥನೆ ಹೇಳಿದ್ದು ಯಾವ ರೂಲಿನ ಪ್ರಕಾರ?

ಸಾಹೇಬರು ಒಳ್ಳೆಯವರು, ಕೇಳುವುದು ಅವರ ಕೆಲಸ. ಉತ್ತರ ಬರೆದು ಇವತ್ತೇ ಟಪಾಲಿಗೆ ಹಾಕಿದ್ದೇನೆ. ಅವರು ಓದಿ ನಗುತ್ತಾರೆ, ಒಪ್ಪುತ್ತಾರೆ ಎಂಬ ನಂಬಿಕೆ ನನ್ನದು. ಬರೆದದ್ದು ಇಷ್ಟೇ:

"ಗುದ್ದಲಿ ಹಿಡಿದಾಗ ಕೇಳದ ಲೈಸೆನ್ಸನ್ನು ಪ್ರಾರ್ಥನೆ ಹೇಳುವಾಗ ಕೇಳಲು ನನಗೆ ಮನಸ್ಸಾಗಲಿಲ್ಲ, ಅಲ್ಲಿ ತಾವಿದ್ದರೆ ಕೇಳುತ್ತಿದ್ದಿರಾ?"