ಚಾರಮಿನಾರ್ ಹಿಂದಿನ ಓಣಿಯಲ್ಲಿ ಉಂಡ ಊಟ

ದೆವ್ವ, ಮಾಟ, ಮೈಮೇಲೆ ಬರುವುದು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ಅಫಜಲಪುರದ ನಮ್ಮ ಓಣಿಯಲ್ಲಿ ಯಾರಾದರೂ ಅಂಥ ಸುದ್ದಿ ತೆಗೆದರೆ ನಕ್ಕುಬಿಡುತ್ತಿದ್ದೆ. ಈಗ ನೀವು ನಗುವ ಸರದಿ. ನಗಿರಿ, ಬೇಸರವಿಲ್ಲ. ನಾನು ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ.

1947ರಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ನಮ್ಮ ಯಜಮಾನರಿಗೆ ಕೋರ್ಟಿನ ಕೆಲಸದ ಮೇಲೆ ಹೈದರಾಬಾದಿಗೆ ಹೋಗಬೇಕಾಯಿತು. ನಾನೂ ಹಟ ಹಿಡಿದು ಹೊರಟೆ. ಕಲಬುರಗಿಯಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಹೈದರಾಬಾದ್ ಮುಟ್ಟಿದೆವು. ಸ್ಟೇಷನ್ ಹತ್ತಿರದ ಒಂದು ಛತ್ರದಲ್ಲಿ ಇಳಿದುಕೊಂಡೆವು. ಊರಿಂದ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹೋಳಿಗೆ ಗಂಟಿನಲ್ಲಿದ್ದವು. ಹೊರಗಿನದನ್ನು ಉಣ್ಣಬಾರದೆಂದು ಅತ್ತೆ ಹೇಳಿ ಕಳಿಸಿದ್ದರು. ಹುಸೇನಸಾಗರದ ದಂಡೆಯಲ್ಲಿ ಕೂತೆವು. ಮಹಡಿ ಬಸ್ಸಿನ ಮೇಲ್ಗಡೆ ಹತ್ತಿ ಊರೆಲ್ಲ ನೋಡಿದೆವು. ಅಷ್ಟು ದೊಡ್ಡ ಊರು ನನಗೇನೂ ಅಂಜಿಕೆ ಹುಟ್ಟಿಸಲಿಲ್ಲ.

ಮರುದಿನ ಮಧ್ಯಾಹ್ನ ಚಾರಮಿನಾರ್ ಹತ್ತಿರದ ಬಳೆ ಬಜಾರಿಗೆ ಹೋದೆವು. ಗದ್ದಲವೋ ಗದ್ದಲ. ನಾನು ಒಂದು ಅಂಗಡಿಯಲ್ಲಿ ಹಸಿರು ಬಳೆ ನೋಡಿ ತಿರುಗುವಷ್ಟರಲ್ಲಿ ಯಜಮಾನರು ಕಾಣಲಿಲ್ಲ. ಹುಡುಕುತ್ತ ಓಣಿಯಿಂದ ಓಣಿಗೆ ಅಲೆದೆ. ಹಸಿವಿಗೂ ಬಿಸಿಲಿಗೂ ಕಣ್ಣು ಕತ್ತಲೆ ಬಂದು ಒಂದು ಕಟ್ಟೆಯ ಮೇಲೆ ಕೂತೆ.

ಆಗ ಒಬ್ಬ ಮುದುಕಿ ಬಂದು ನನ್ನ ಕೈ ಹಿಡಿದಳು. “ಚಲ್ ಬೇಟಿ” ಎಂದಳು. ನಮ್ಮ ಓಣಿಯ ಸಾಬರ ಮನೆಗಳಿಂದಾಗಿ ನನಗೆ ಉರ್ದು ತಿಳಿಯುತ್ತಿತ್ತು. ಎದುರಿನ ಮನೆಯ ಅಂಗಳಕ್ಕೆ ಕರೆದೊಯ್ದು, ದಾಳಿಂಬೆ ಗಿಡದ ನೆರಳಲ್ಲಿ ಕೂಡಿಸಿದಳು. ಅನ್ನದ ತಾಟು ತಂದು ಮುಂದಿಟ್ಟಳು. ನಾನು ಹಿಂದೆಮುಂದೆ ನೋಡಿದ್ದು ಅವಳಿಗೆ ತಿಳಿಯಿತು. ಮಾಂಸವಲ್ಲ, ಬರೀ ಬೇಳೆ ಹುಳಿ, ಉಣ್ಣು ಎಂದಳು. ಅತ್ತೆಯ ಮಾತು ಮರೆತು ಹೊಟ್ಟೆ ತುಂಬ ಉಂಡೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಬಡಿಸಿದ ಆ ಬಲಗೈ ನನಗೆ ಇಂದಿಗೂ ನೆನಪಿದೆ. ಬೆರಳಲ್ಲಿ ಕೆಂಪು ಹರಳಿನ ಬೆಳ್ಳಿ ಉಂಗುರ, ಮುಂಗೈ ಮೇಲೆ ಹಳೆಯ ಸುಟ್ಟ ಗಾಯದ ಕಲೆ. ಆಮೇಲೆ ನನ್ನನ್ನು ಬಜಾರಿನ ಬಾಯಿಯ ತನಕ ಕರೆತಂದು, ಅಲ್ಲೇ ನಿಲ್ಲು ಎಂದಳು. ಯಜಮಾನರು ಎದುರಿನಿಂದಲೇ ಓಡಿ ಬಂದರು.

“ಎಲ್ಲಿ ಹೋಗಿದ್ದಿ ಬೇ? ನನ್ನ ಜೀವಾನೇ ಹೋಗಿತ್ತು!”

“ಈ ಅಮ್ಮನ ಮನ್ಯಾಗ ಉಣ್ಣಾಕತ್ತಿದ್ನಿರಿ” ಎಂದು ತಿರುಗಿದೆ. ಮುದುಕಿ ಇರಲಿಲ್ಲ. ನೀನು ಒಬ್ಬಳೇ ನಿಂತಿದ್ದಿ, ಜೊತೆಗೆ ಯಾರನ್ನೂ ನೋಡಲಿಲ್ಲ ಎಂದರು ಅವರು.

ಉಂಡ ಮನೆಗೆ ಒಂದು ಮಾತು ಹೇಳದೆ ಊರಿಗೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಮಾರನೇ ದಿನ ಗಂಟಿನಲ್ಲಿ ಉಳಿದ ಹೋಳಿಗೆ ತೆಗೆದುಕೊಂಡು ಯಜಮಾನರ ಜೊತೆ ಹೋದೆ. ಓಣಿ ಸಿಕ್ಕಿತು. ಮನೆ ಸಿಕ್ಕಿತು. ದಾಳಿಂಬೆ ಗಿಡವೂ ಅಲ್ಲೇ ಇತ್ತು. ಬಾಗಿಲು ತೆರೆದ ಹೆಂಗಸು ನನ್ನ ಮಾತು ಕೇಳಿ ಗಾಬರಿಯಾದಳು. ನಿನ್ನೆ ಮನೆಗೆ ಯಾರೂ ಬಂದಿಲ್ಲ, ಮುದುಕಿ ಎಂದರೆ ತನ್ನ ಅತ್ತೆ ಒಬ್ಬಳೇ, ಅವಳಿಗೂ ಲಕ್ವಾ ಹೊಡೆದು ವರ್ಷಗಳಾದವು, ಹಾಸಿಗೆ ಬಿಟ್ಟು ಎದ್ದಿಲ್ಲ, ಬಾಯಿಂದ ಮಾತೂ ಇಲ್ಲ ಎಂದಳು. ಬೇಕಾದರೆ ನೋಡಿ ಎಂದು ಇಬ್ಬರನ್ನೂ ಒಳಗೆ ಕರೆದಳು.

ಹಾಸಿಗೆಯಲ್ಲಿ ಮಲಗಿದ್ದವಳು ಅವಳೇ. ಹೊದಿಕೆಯ ಮೇಲೆ ಕಟ್ಟಿಗೆಯ ಹಾಗೆ ಬಿದ್ದಿದ್ದ ಬಲಗೈಯಲ್ಲಿ ಅದೇ ಉಂಗುರ, ಅದೇ ಕಲೆ. ನಾನು ಬಗ್ಗಿ “ಅಮ್ಮಾ” ಎಂದೆ. ಮುದುಕಿ ಕಣ್ಣು ತೆರೆದು ನನ್ನನ್ನು ನೋಡಿದಳು. ತೊದಲುತ್ತ, ಆದರೆ ಎಲ್ಲರಿಗೂ ಕೇಳುವಂತೆ ಉರ್ದುವಿನಲ್ಲಿ ಕೇಳಿದಳು: “ನಿನ್ನೆ ಖಾರ ಹೆಚ್ಚಾಗಿತ್ತೇನು ಬೇಟಿ?”

ಸೊಸೆ ಅಲ್ಲೇ ಕುಸಿದು ಕೂತು ಅತ್ತಳು. ನಾನು ಹೋಳಿಗೆ ಮುರಿದು ಮುದುಕಿಯ ಬಾಯಿಗಿಟ್ಟೆ. ನಿಧಾನಕ್ಕೆ ಅಗಿದು ನುಂಗಿದಳು.

ಊರಿಗೆ ಬಂದು ಹೇಳಿದಾಗ ಅತ್ತೆ ಬೈಯಲಿಲ್ಲ. ಕೈಮುಗಿದು, “ಘತ್ತರಗಿ ಭಾಗ್ಯವಂತಿ ದೇವಿನೇ ಬಂದಾಳವ್ವ” ಎಂದರು.

“ಭಾಗ್ಯವಂತಿ ಉರ್ದು ಮಾತಾಡ್ತಾಳೇನ್ರಿ ಅತ್ತಿ?”

“ಅಕಿಗಿ ಬರಲಾರದ ಭಾಷಾ ಯಾವುದದ?”

ಅದು ಅವರ ನಂಬಿಕೆ. ನನಗೆ ಒಪ್ಪಿಗೆಯಾಗಲಿಲ್ಲ. ಬಿಸಿಲಿಗೆ ನಿನಗೆ ತಲೆ ತಿರುಗಿತ್ತು ಎಂದು ಯಜಮಾನರು ವಾದಿಸುತ್ತಿದ್ದರು. ಹಾಗಾದರೆ ಮುದುಕಿ ಕೇಳಿದ್ದನ್ನು ನಿಮ್ಮ ಕಿವಿಯಿಂದಲೇ ಕೇಳಿದಿರಲ್ಲ ಎಂದರೆ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದರು. ಮರುವರ್ಷ ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ನಾಡೆಲ್ಲ ಗದ್ದಲವೆದ್ದಿತು. ಆ ಓಣಿಗೆ ಮತ್ತೆ ಹೋಗುವುದಾಗಲಿಲ್ಲ.

ಅದು ಹೇಗೆ ಆಯಿತು ಎಂದು ಕೇಳಿದವರಿಗೆ ಇಷ್ಟೇ ಹೇಳುತ್ತೇನೆ: ಹಸಿದು ಕೂತಿದ್ದೆ, ಅವಳು ಬಡಿಸಿದಳು, ನಾನು ಉಂಡೆ. ಇದರಲ್ಲಿ ಒಂದಕ್ಷರವನ್ನೂ ಯಾರಿಗೋಸ್ಕರವೂ ಬದಲಿಸಲಾರೆ.