"ಸದ್ದು!" ಎಂದರೆ ಸುಮ್ಮನಾಗುತ್ತಿದ್ದ ಕೆಂಚ

ಅರವತ್ತಮೂರನೇ ಇಸವಿ ಇರಬೇಕು. ಚೊಚ್ಚಲ ಬಾಣಂತನಕ್ಕೆ ಹೆಬ್ಬಾಳದ ತವರಿಗೆ ಬಂದಿದ್ದೆ. ಅಪ್ಪನಿಗೆ ದ್ರಾಕ್ಷಿ ತೋಟವಿತ್ತು, ಎತ್ತಿನ ಗಾಡಿಯಿತ್ತು, ಆ ಗಾಡಿಯ ಮೇಲೆ ಯಜಮಾನನಂತೆ ಕೂತು ಹೋಗುವ ಕೆಂಚ ಎಂಬ ನಾಯಿಯಿತ್ತು.

ನನ್ನ ಮಗು ಸೊಳ್ಳೆ ಹಾರಿದರೂ ಎಚ್ಚರಾಗುವ ಜಾತಿ. ಮೊಮ್ಮಗನ ನಿದ್ದೆ ಕೆಡಬಾರದೆಂದು ಅಪ್ಪ ಕೆಂಚನಿಗೆ ಒಂದು ಮಾತು ಕಲಿಸಿಬಿಟ್ಟರು. ಅದು ಬಾಯಿ ತೆರೆದರೆ ಸಾಕು, ಬೆರಳೆತ್ತಿ "ಸದ್ದು!" ಎನ್ನುವರು. ಅಂಚೆಯವನು ಬಂದರೂ ಕೆಂಚ ಬೊಗಳಿಕೆಯನ್ನು ಗಂಟಲಲ್ಲೇ ನುಂಗಿಕೊಳ್ಳುತ್ತಿತ್ತು. ಮನುಷ್ಯರಿಗೂ ಇಷ್ಟು ಬುದ್ಧಿಯಿಲ್ಲವೆಂದು ಬಂದವರೆದುರು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದೆವು.

ಒಂದು ಬೆಳಿಗ್ಗೆ ದ್ರಾಕ್ಷಿ ಬುಟ್ಟಿ ಹೇರಿದ್ದ ಗಾಡಿಗೆ ಕೆಂಚ ಎಂದಿನಂತೆ ನೆಗೆಯಿತು. ಕಾಲು ಜಾರಿ, ಬಾಗಿಲ ಮುಂದಿನ ಒರಳುಕಲ್ಲಿಗೆ ಪಕ್ಕೆ ಬಡಿದು ಬಿತ್ತು. ಎತ್ತರವೇನಲ್ಲ. ತಕ್ಷಣ ಎದ್ದು ಮೈ ಕೊಡವಿತು ಕೂಡ.

ಅಪ್ಪ ಅದನ್ನು ಜಗಲಿಗೆ ತಂದು ನಾಲ್ಕೂ ಕಾಲು ಮಡಿಸಿ ನೋಡಿದರು. ಪಕ್ಕೆಲುಬಿನ ಮೇಲೆ ಬೆರಳಾಡಿಸಿದರು. ಹೊಟ್ಟೆ ಒತ್ತಿದಾಗ ಕೆಂಚ 'ಕುಂಯ್' ಎಂದಿತು. ಒಳಗೆ ತೊಟ್ಟಿಲು ಅಲ್ಲಾಡಿತು.

"ಸದ್ದು! ಮಗು ಎದ್ಬುಡ್ತದೆ," ಎಂದರು ಅಪ್ಪ, ರೂಢಿಯಂತೆ.

ಆಮೇಲೆ ಎಲ್ಲಿ ಒತ್ತಿದರೂ ಕೆಂಚ ಉಸಿರೆತ್ತಲಿಲ್ಲ.

"ಏನೂ ಆಗಿಲ್ಲ ಕಣವ್ವ. ನೋವಿದ್ದಿದ್ರೆ ಕೂಗ್ತಿರ್ಲಿಲ್ವಾ?" ಎಂದು ಅಪ್ಪ ನನಗೆ ಹೇಳಿದರು.

ಅವ್ವನಿಗೆ ಸಮಾಧಾನವಾಗಲಿಲ್ಲ. "ದನದ ಆಸ್ಪತ್ರೆ ಇಲ್ಲೇ ಐತಲ್ಲ, ಒಂದ್ಸಲ ತೋರ್ಸ್ಬುಟ್ಟು ಓಗಿ," ಎಂದಳು.

"ಗಾಡಿಯಿಂದ ಬಿದ್ದಿದ್ಕೆಲ್ಲ ಡಾಕ್ಟ್ರಾ? ದ್ರಾಕ್ಷಿ ಬಾಡೋಯ್ತದೆ," ಎನ್ನುತ್ತ ಅಪ್ಪ ಗಾಡಿ ಹೊಡೆದುಕೊಂಡು ಹೋದರು.

ಕೆಂಚ ತೊಟ್ಟಿಲ ಕೆಳಗೆ ಬಂದು ಮಲಗಿತು. ಅವ್ವ ಮುದ್ದೆ ಇಟ್ಟರೆ ಮೂಸಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಊದಿ ಬಿಗಿದುಕೊಂಡಿತ್ತು, ಒಸಡು ಸುಣ್ಣದಂತೆ ಬೆಳ್ಳಗಾಗಿತ್ತು. ಅಷ್ಟು ದೊಡ್ಡ ನಾಯಿಯನ್ನು ಅವ್ವನೊಬ್ಬಳಿಂದ ಎತ್ತಲಾಗಲಿಲ್ಲ. ಪಕ್ಕದ ತೋಟದವರನ್ನು ಕರೆಯಲು ಓಡಿದಳು, ಅಲ್ಲೂ ಯಾರೂ ಇರಲಿಲ್ಲ. ಹಸಿ ಬಾಣಂತಿ ನಾನು, ಹೊಸಿಲು ದಾಟುವಂತಿರಲಿಲ್ಲ. ಮಗು ಮಾತ್ರ ಅಂದು ಸುಖವಾಗಿ ಮಲಗಿತ್ತು.

ಸಂಜೆ ಅಪ್ಪ ಬಂದರು. ಅವರ ದನಿ ಕೇಳಿ ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಅವರು ಹೊಟ್ಟೆ ಮುಟ್ಟಿದರು. ಕೆಂಚ ಬಾಯಿ ಅಗಲಿಸಿತು, ಅಪ್ಪನ ಬೆರಳನ್ನು ನೋಡಿತು, ಮುಚ್ಚಿಕೊಂಡಿತು. ಬೆಳಿಗ್ಗೆ ಅದು ಯಾಕೆ ಸುಮ್ಮನಿತ್ತು ಎನ್ನುವುದು ಅಪ್ಪನಿಗೆ ಆಗ ಹೊಳೆಯಿತು.

"ಕೂಗ್ಲಾ ಕೆಂಚ, ಕೂಗು... ಮಗು ಎದ್ರೆ ಏಳ್ಲಿ," ಎಂದು ಅದರ ಮುಖ ಹಿಡಿದು ಗೋಗರೆದರು. ಕೆಂಚ ಅವರ ತೊಡೆಯ ಮೇಲೆಯೇ, ಸದ್ದಿಲ್ಲದೆ, ಸತ್ತುಹೋಯಿತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅಂದೇ. ಆ ಅಳುವಿಗೆ ಮಗು ಎದ್ದು ಚೀರತೊಡಗಿತು. ಯಾರೂ ಸುಮ್ಮನಿರಿಸಲು ಹೋಗಲಿಲ್ಲ.

ಆ ಮಗುವಿಗೆ ಈಗ ಮಕ್ಕಳಿದ್ದಾರೆ. ಅವು ಆಟದಲ್ಲಿ ಬಿದ್ದು ಬೀದಿಗೆಲ್ಲ ಕೇಳುವಂತೆ ಅತ್ತರೆ ನನಗೆ ಧೈರ್ಯ. ಬಿದ್ದು, ಸುಮ್ಮನೆ ಎದ್ದು ಮೈ ಕೊಡವಿಕೊಂಡರೆ, "ಅಳೋ ಕಂದ, ಜೋರಾಗಿ ಅಳು," ಎಂದು ಹಿಂದೆ ಬೀಳುತ್ತೇನೆ. ಸೊಸೆ ನಗುತ್ತಾಳೆ.