ಅಕ್ಕಿ ಖೋಲಿಯಲ್ಲಿ ಒಂದು ‘ನಾ’

ನಾನು ಕನ್ನಡ ಕಲಿಸಲು ಹೋದ ಪ್ರೌಢಶಾಲೆಯಲ್ಲಿ ಗ್ರಂಥಾಲಯವೆಂದರೆ ಹೆಡ್ ಮಾಸ್ತರರ ಕುರ್ಚಿಯ ಹಿಂದಿದ್ದ ಕಬ್ಬಿಣದ ಕಪಾಟು. ಅದರ ಬಾಗಿಲು ತೆಗೆಯಬೇಕಾದರೆ ಅವರು ಎದ್ದು ಕುರ್ಚಿ ಸರಿಸಬೇಕಿತ್ತು. ಅವರನ್ನು ಎಬ್ಬಿಸುವ ಧೈರ್ಯ ಮಕ್ಕಳಿಗಿರಲಿಲ್ಲ. ಹಾಗಾಗಿ ಪುಸ್ತಕಗಳು ಹಳತಾಗಿದ್ದವೇ ಹೊರತು ಸವೆದಿರಲಿಲ್ಲ.

ಶಾಲೆ ಇರುವುದು ಹೊನ್ನಾವರ ಮತ್ತು ಭಟ್ಕಳದ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ರಸ್ತೆಯ ಕೊನೆಯಲ್ಲಿ. ನನ್ನ ಬಾಡಿಗೆ ಕೋಣೆ ಕುಮಟಾದಲ್ಲಿತ್ತು. ಬೆಳಿಗ್ಗೆ ಹೊನ್ನಾವರದವರೆಗೆ ಒಂದು ಬಸ್ಸು, ಅಲ್ಲಿಂದ ಶರಾವತಿ ಸೇತುವೆ ದಾಟಿ ಹೋಗಲು ಇನ್ನೊಂದು. ನನ್ನ ಹುದ್ದೆಯ ಹೆಸರು ಅತಿಥಿ ಶಿಕ್ಷಕಿ. ಮೊದಲ ದಿನಗಳಲ್ಲಿ ನಾನು ಅತಿಥಿಯಂತೆಯೇ ಇದ್ದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ, ಉಳಿದಂತೆ ಸುಮ್ಮನಿರುತ್ತಿದ್ದೆ.

ಆ ಕಪಾಟಿನ ಪುಸ್ತಕಗಳಿಗೆ ಒಂದು ಕೋಣೆ ಕೊಡಿ ಎಂದು ಮಾತ್ರ ನಾನಾಗಿಯೇ ಕೇಳಿದೆ. ಬಿಸಿಯೂಟದ ಅಕ್ಕಿ ಮೂಟೆಗಳು ಹೊಸ ಅಡುಗೆಮನೆಗೆ ಹೋಗಿದ್ದರಿಂದ ಹಳೆಯ ಅಕ್ಕಿ ಕೋಣೆ ಖಾಲಿಯಿತ್ತು. ಹೆಡ್ ಮಾಸ್ತರರು ಅದನ್ನೇ ಕೊಟ್ಟರು. ಗೋಡೆಗೆ ಸುಣ್ಣ ಹೊಡೆಸಿ, ಬಾಗಿಲ ಮೇಲೆ ‘ಗ್ರಂಥಾಲಯ ಮತ್ತು ಭಾಷಾ ಪ್ರಯೋಗಾಲಯ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದರು. ಪ್ರಯೋಗಾಲಯ ಅಂದರೆ ಹಳೆ ವಿದ್ಯಾರ್ಥಿಗಳು ಕೊಟ್ಟ ಎರಡು ಕಂಪ್ಯೂಟರು ಮತ್ತು ಕೆಲವು ಹೆಡ್‌ಫೋನು. ಪಾಠ ಕೇಳಬಹುದು, ತಾವು ಓದಿದ್ದನ್ನು ರೆಕಾರ್ಡ್ ಮಾಡಿ ತಾವೇ ಕೇಳಬಹುದು. ಮಕ್ಕಳು ಬಾಗಿಲ ಬರಹವನ್ನು ಒಂದು ದಿನ ಗೌರವದಿಂದ ಓದಿ, ಮರುದಿನದಿಂದ ಅದನ್ನು ಮತ್ತೆ ‘ಅಕ್ಕಿ ಖೋಲಿ’ ಎಂದೇ ಕರೆದರು.

ಪುಸ್ತಕ ಇಡುವ ಹಲಗೆಗಳು ಬಂದದ್ದು ಭಟ್ಕಳದ ಹತ್ತಿರದ ಜಾಲಿ ಎಂಬ ಊರಿನ ಬಟ್ಟೆ ಅಂಗಡಿಯೊಂದರಿಂದ. ಅಂಗಡಿಯ ಯಜಮಾನರು ಬೇರೆ ಕಡೆ ದೊಡ್ಡ ಮಳಿಗೆ ಹಿಡಿದಿದ್ದರು. ಪುಸ್ತಕಕ್ಕಾದರೆ ತೆಗೆದುಕೊಂಡು ಹೋಗಿ ಎಂದು ತಮ್ಮ ಟೆಂಪೋದಲ್ಲೇ ಕಳಿಸಿಕೊಟ್ಟರು. ಹಲಗೆಗಳ ಅಂಚಿನಲ್ಲಿ ಅಂಟಿಸಿದ್ದ ಚೀಟಿಗಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೀಗಾಗಿ ನಮ್ಮ ಕಥೆಗಳು ‘ಲಂಗ’ದಲ್ಲಿ, ಕವಿತೆಗಳು ‘ಬ್ಲೌಸ್ ಪೀಸ್’ನಲ್ಲಿ, ನಿಘಂಟುಗಳು ‘ಶರ್ಟಿಂಗ್’ನಲ್ಲಿ ಉಳಿದವು. “ಟೀಚರ್, ವಿಜ್ಞಾನ ಎಲ್ಲದೆ?” ಎಂದು ಯಾರಾದರೂ ಕೇಳಿದರೆ, “ಟವೆಲ್ಲಿನ ಕೆಳಗೆ ನೋಡಾ” ಎಂದು ಇನ್ನೊಬ್ಬರು ನಗದೆ ಹೇಳುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಒಬ್ಬಳು ಹುಡುಗಿ ಕೂರುತ್ತಿದ್ದಳು. ಮನೆಮಾತು ಕೊಂಕಣಿ. ತಂದೆ ದೋಣಿಗೆ ಹೋಗುತ್ತಾರೆ, ತಾಯಿ ಮೀನು ಮಾರುತ್ತಾರೆ. ಜೂನ್ ತಿಂಗಳಲ್ಲಿ, ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯಬಾರದೆಂಬ ಬಂದಿ ಇದ್ದ ದಿನಗಳಲ್ಲಿ, ಆ ತಾಯಿ ಶಾಲೆಗೆ ಬಂದು ನನ್ನನ್ನು ಜಗಲಿಯ ತುದಿಗೆ ಕರೆದುಕೊಂಡು ಹೋಗಿ ಮಾತಾಡಿದರು. ಹಿಂದಿನ ವರ್ಷ ಮಗಳು ಪಾಠವನ್ನು ಗಟ್ಟಿಯಾಗಿ ಓದುವಾಗ ‘ಮಳೆ ಬಂತು’ ಎಂದು ಅಚ್ಚಾಗಿದ್ದನ್ನು ‘ಪಾವ್ಸ ಬಂತು’ ಎಂದು ಓದಿದ್ದಳಂತೆ. ಪಾವ್ಸ ಎಂದರೆ ಕೊಂಕಣಿಯಲ್ಲಿ ಮಳೆ. ಕಣ್ಣು ಕನ್ನಡ ಓದಿತ್ತು, ನಾಲಿಗೆ ಮನೆಯ ಮಾತು ಆಡಿತ್ತು. ಅಂದಿನಿಂದ ಅವಳು ಒಳಗೆ ಬಂದಾಗೆಲ್ಲ ಹಿಂದಿನ ಬೆಂಚಿನಿಂದ “ಪಾವ್ಸ ಬಂತು, ಕೊಡೆ ಬಿಚ್ಚಿ” ಎಂಬ ಸ್ವರ ಏಳುತ್ತಿತ್ತು. ಅವಳು ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಳು. ಮಾಸ್ತರರೆಲ್ಲ ಹೇಳಿ, ಬೇಸಿಗೆಯಿಡೀ ತಾಯಿ ಗೋಗರೆದು, ಹೇಗೋ ತಿರುಗಿ ಕಳಿಸಿದ್ದರು.

“ಇನ್ನೊಂದ್ ಸಲ ನಗಾಡಿದ್ರೆ ಅದು ಶಾಲೆಗೆ ಬರೂದಿಲ್ಲ, ಅಕ್ಕೋರೆ,” ಎಂದರು ತಾಯಿ. ನಮ್ಮ ಕಡೆ ಶಿಕ್ಷಕಿಯರನ್ನು ಹಿರಿಯರು ಹಾಗೆ ಕರೆಯುತ್ತಾರೆ. “ಮೀನು ಆರ್ಸೂಕೆ ಹೋಗ್ತೆ ಹೇಳ್ತದೆ. ಒಂದ್ ಸಲ ಆ ಕೆಲ್ಸಕ್ಕೆ ಕೂತ್ರೆ ಮತ್ತೆ ಎದ್ದು ಬರೂದುಂಟಾ?”

ನಾನು ನೋಡಿಕೊಳ್ಳುತ್ತೇನೆ ಎಂದೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಅವಳನ್ನು ಓದಲು ಎಬ್ಬಿಸದೆ ಇರುವುದೊಂದೇ ನನಗೆ ತೋಚಿದ ದಾರಿ.

ಜುಲೈ ಕೊನೆಗೆ ಕೋಣೆ ಒಂದು ರೂಪಕ್ಕೆ ಬಂತು. ಉದ್ಘಾಟನೆಯ ದಿನ ಕೆಲವರು ತಮಗೆ ಬೇಕಾದ ಪುಸ್ತಕದಿಂದ ಒಂದೊಂದು ಪುಟ ಓದಬೇಕೆಂದು ನಿಶ್ಚಯವಾಯಿತು. ಯಾರು ಓದುತ್ತೀರಿ ಎಂದು ಬೆಂಚಿನಿಂದ ಬೆಂಚಿಗೆ ಕೇಳುತ್ತ ಹೋದೆ. ಕಿಟಕಿಯ ಬಳಿ ಬಂದಾಗ, ಅಭ್ಯಾಸದಂತೆ ಅವಳನ್ನು ಬಿಟ್ಟು ಮುಂದೆ ಹೋಗುವ ಮೊದಲು, ಅವಳ ಬಾಯಿಂದ ಒಂದು ಸಣ್ಣ ಸ್ವರ ಬಂತು.

“ನಾ.”

ಕರಾವಳಿಯ ಆಡುಮಾತಿನಲ್ಲಿ ‘ನಾನು’ ಎಂಬುದನ್ನು ಯಾರೂ ಪೂರ್ತಿ ಹೇಳುವುದಿಲ್ಲ. ನಾ ಬತ್ತೆ, ನಾ ಹೋಗ್ತೆ. ನನ್ನ ಎದೆ ತುಂಬಿ ಬಂತು. ಏನೂ ವಿಶೇಷ ನಡೆದಿಲ್ಲವೆಂಬಂತೆ ಮುಖ ಇಟ್ಟುಕೊಂಡು ಕರಿಹಲಗೆಯ ಮೇಲೆ ಮೊದಲಿಗೇ ಅವಳ ಹೆಸರು ಬರೆದೆ. ಅವಳು ತಲೆಯೆತ್ತಿ ಅದನ್ನು ನೋಡಿದಳು, ಮತ್ತೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆ.

ಮರುದಿನ ಕಿಟಕಿಯ ಪಕ್ಕದ ಜಾಗ ಖಾಲಿಯಿತ್ತು. ಅದರ ಮರುದಿನವೂ.

ಆ ಸಂಜೆ ಹೊನ್ನಾವರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಣಮೀನು ಮಾರುವ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರು ಕೊಂಕಣಿಯಲ್ಲಿ ಏನೋ ಕೇಳಿದರು. ಇನ್ನೊಬ್ಬರು ತಮ್ಮ ಬುಟ್ಟಿಯನ್ನು ಬೋರಲು ಹಾಕಿ ತೋರಿಸಿ, “ನಾ” ಎಂದರು.

ಬುಟ್ಟಿಯಲ್ಲಿ ಏನೂ ಇರಲಿಲ್ಲ. ನಾ ಎಂದರೆ ಇಲ್ಲ. ಇದು ನನಗೆ ಗೊತ್ತಿಲ್ಲದ ಮಾತೇ ಅಲ್ಲ, ಕುಮಟಾ ಪೇಟೆಯಲ್ಲಿ ದಿನವೂ ಕಿವಿಗೆ ಬೀಳುವಂಥದು. ಆದರೆ ತರಗತಿಯ ಬಾಗಿಲು ದಾಟಿದ ಮೇಲೆ ನನ್ನ ಕಿವಿ ಕನ್ನಡವನ್ನು ಮಾತ್ರ ಕೇಳುತ್ತಿತ್ತು. ಅವಳು ಇಲ್ಲ ಎಂದಿದ್ದಳು. ನಾನು ಅವಳ ಹೆಸರನ್ನು ಎಲ್ಲರಿಗೂ ಕಾಣುವಂತೆ ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದೆ.

ಹೊನ್ನಾವರದಲ್ಲಿ ಇಳಿದು, ಕುಮಟಾ ಬಸ್ಸು ಬಿಟ್ಟು, ಬಂದ ದಾರಿಯಲ್ಲೇ ತಿರುಗಿ ಹೋಗುವ ಬಸ್ಸು ಹತ್ತಿದೆ.

ಅವರ ಮನೆಯ ಹೊರಗೆ ಮಳೆ ಹನಿಯುತ್ತಿತ್ತು. ತಾಯಿ ಒಣಗಿದ ಮೀನಿನ ಚೀಲಗಳನ್ನು ಮಾಡಿನ ಕೆಳಗೆ ಎಳೆದು ಹಾಕುತ್ತಿದ್ದರು. ನನ್ನನ್ನು ಕಂಡು ಮುಖ ಗಂಟಿಕ್ಕಿದರು. ಎರಡು ದಿನದಿಂದ ಮಗಳು ಎಂತ ಆಯಿತೆಂದು ಹೇಳಿರಲಿಲ್ಲವಂತೆ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

“ಇಷ್ಟೆಲ್ಲ ಕಲ್ತವ್ರಿಗೂ ಹೀಂಗೆ ಆಗ್ತದಾ, ಅಕ್ಕೋರೆ?”

ಒಳಗಿನಿಂದ ನಗು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವಳು ಕೇಳಿದ್ದು ಎರಡೇ ಮಾತು. ಹೆಸರು ಅಳಿಸುತ್ತೀರಾ? ಅಳಿಸುವಾಗ ಎಲ್ಲರಿಗೆ ಎಂತ ಹೇಳುತ್ತೀರಿ?

ಅಳಿಸುತ್ತೇನೆ, ಟೀಚರ್ ತಪ್ಪು ಕೇಳಿಸಿಕೊಂಡರು ಎಂದು ಹೇಳುತ್ತೇನೆ ಎಂದೆ. ಬರುತ್ತೇನೆ ಎಂದು ಅವಳು ಹೇಳಲಿಲ್ಲ. ತಾಯಿಯೂ ಒತ್ತಾಯಿಸಲಿಲ್ಲ. ನನಗೆ ಒಂದು ಲೋಟ ಚಹಾ ಕೊಟ್ಟು, ಬಸ್ಸಿನ ತಿರುವಿನವರೆಗೆ ಕೊಡೆ ಹಿಡಿದು ಬಂದರು.

ಬೆಳಿಗ್ಗೆ ಹಾಜರಿ ಮುಗಿಯುವ ಹೊತ್ತಿಗೆ ಅವಳು ಬಂದಳು. ಹಿಂದಿನ ಬೆಂಚಿನಿಂದ ಮೆಲ್ಲಗೆ “ಪಾವ್ಸ ಬಂತು” ಎಂಬುದು ಕೇಳಿಸಿತು. ಕೊಡೆಯ ಮಾತು ಬರುವ ಮೊದಲೇ ನಾನು ಎಲ್ಲರನ್ನೂ ಅಕ್ಕಿ ಖೋಲಿಗೆ ನಡೆಯಲು ಹೇಳಿದೆ. ಅಲ್ಲಿಯ ಕರಿಹಲಗೆಯ ಮೇಲೆ ‘ನಾ’ ಎಂದು ಒಂದೇ ಅಕ್ಷರ ಬರೆದು, ನಾನು ಹೇಗೆ ತಪ್ಪು ಕೇಳಿಸಿಕೊಂಡೆ ಎಂದು ಹೇಳಿದೆ. ಬಸ್ಸಿನ ಬುಟ್ಟಿಯ ಕಥೆಯನ್ನೂ ಹೇಳಿದೆ. ಮಕ್ಕಳು ಬಾಯಿ ಬಿಗಿಹಿಡಿದು ಕೂತಿದ್ದರು. ಟೀಚರ ತಪ್ಪಿಗೆ ನಗಬಹುದೋ ಬಾರದೋ ಅವರಿಗೆ ಗೊತ್ತಾಗಲಿಲ್ಲ.

ಆಗ ನಾನು ಯಾರ ಬಳಿಯೂ ಹೇಳದಿದ್ದ ಒಂದು ಸಂಗತಿ ಹೇಳಿದೆ. ನನ್ನ ಮನೆಯಲ್ಲಿ ‘ಇಲ್ಲ’ ಎನ್ನುವುದಕ್ಕೆ ‘ಇಲ್ಲೆ’ ಎನ್ನುತ್ತೇವೆ. ಧಾರವಾಡದ ಹಾಸ್ಟೆಲಿಗೆ ಹೋದ ಹೊಸದರಲ್ಲಿ ಕೋಣೆಯ ಗೆಳತಿ ಬಕೆಟ್ ಎಲ್ಲಿ ಎಂದು ಕೇಳಿದಳು. “ಬಕೆಟ್ ಇಲ್ಲೆ” ಎಂದೆ. ಇಲ್ಲೇ ಇದೆ ಎಂದುಕೊಂಡು ಅವಳು ಮಂಚದ ಕೆಳಗೆ, ಬಾಗಿಲ ಹಿಂದೆ, ಕೊನೆಗೆ ನನ್ನ ಟ್ರಂಕಿನ ಹಿಂದೆಯೂ ಹುಡುಕಿದಳು. ಎಲ್ಲಿ ಎಂದು ಅವಳು ಕೇಳಿದಷ್ಟೂ ಸಲ ನಾನು ಇಲ್ಲೆ ಎಂದೆ. ಆಮೇಲೆ ಇಡೀ ಹಾಸ್ಟೆಲು ನನ್ನನ್ನು ‘ಬಕೆಟ್’ ಎಂದು ಕರೆಯಿತು. ಓದು ಮುಗಿಯುವವರೆಗೂ ನಾನು ಅಲ್ಲಿ ಆ ಮಾತನ್ನು ಮತ್ತೆ ಆಡಲಿಲ್ಲ, ಬೇರೆ ಮಾತುಗಳನ್ನೂ ಕಡಿಮೆ ಮಾಡಿದೆ.

ಈ ಸಲ ತರಗತಿ ನಕ್ಕಿತು. ತಡೆಯಿಲ್ಲದೆ, ನನ್ನನ್ನೇ ನೋಡಿ ನಕ್ಕಿತು. ಭಟ್ಕಳದಿಂದ ಬರುವ ಹುಡುಗಿಯೊಬ್ಬಳು ತಮ್ಮ ಮನೆಯ ‘ನಹೀಂ’ ಹೇಳಿದಳು, ಇನ್ನೊಬ್ಬ ತನ್ನ ಅಜ್ಜಿ ಇಲ್ಲ ಎನ್ನಲು ನಾಲಿಗೆಯಿಂದ ಬರೀ ‘ತ್ಚು’ ಎನ್ನುತ್ತಾಳೆ ಎಂದು ಮಾಡಿ ತೋರಿಸಿದ. ಕಿಟಕಿಯ ಹುಡುಗಿ ತಲೆ ತಗ್ಗಿಸಿದ್ದಳು, ಆದರೆ ಅವಳ ಭುಜ ಅಲುಗುತ್ತಿತ್ತು. ತರಗತಿಗೆ ಹಿಂದಿರುಗಿದ ಮೇಲೆ ಅವಳ ಹೆಸರನ್ನು ಅಳಿಸಿದೆ.

ಆಮೇಲೆ ಊಟದ ಬಿಡುವಿನಲ್ಲಿ ಅವಳು ಅಕ್ಕಿ ಖೋಲಿಗೆ ಬರತೊಡಗಿದಳು. ‘ಲಂಗ’ದಿಂದ ಒಂದು ಕಥೆ ಪುಸ್ತಕ ತೆಗೆದುಕೊಂಡು, ಹೆಡ್‌ಫೋನು ಹಾಕಿ, ಮೈಕಿಗೆ ತೀರ ಹತ್ತಿರ ಬಾಯಿ ಇಟ್ಟು ಓದುತ್ತಿದ್ದಳು. ಓದಿದ್ದನ್ನು ಕೇಳುತ್ತಿದ್ದಳು, ಅಳಿಸುತ್ತಿದ್ದಳು. ನಾನು ಅವಳಿಗೆ ಬೆನ್ನು ಹಾಕಿ ಪುಸ್ತಕಗಳಿಗೆ ಬೈಂಡು ಹಾಕುತ್ತ ಕೂರುತ್ತಿದ್ದೆ. ತಿದ್ದಲಿಲ್ಲ, ಚೆನ್ನಾಗಿದೆ ಎಂದೂ ಹೇಳಲಿಲ್ಲ. ಹೇಳಿದರೆ ಅವಳು ಎದ್ದು ಹೋಗುತ್ತಾಳೆಂದು ನನಗೆ ಗೊತ್ತಿತ್ತು. ನಾನಾಗಿದ್ದರೂ ಹೋಗುತ್ತಿದ್ದೆ.

ಉದ್ಘಾಟನೆಗೆ ಮುಂಚಿನ ವಾರ ಓದಬೇಕಿದ್ದ ಒಬ್ಬನಿಗೆ ಜ್ವರ ಬಂತು. ಅವನ ಜಾಗಕ್ಕೆ ಯಾರು ಎಂದು ಕೇಳಿದೆ. ಕಿಟಕಿಯ ಕಡೆಯಿಂದ ಉತ್ತರ ಬಂತು.

“ನಾ.”

ಇಡೀ ತರಗತಿ ಅವಳನ್ನು ಬಿಟ್ಟು ನನ್ನನ್ನು ನೋಡಿತು. ಈ ಸಲ ಸೀಮೆಸುಣ್ಣವನ್ನು ನಾನು ಮೇಜಿನ ಮೇಲಿಟ್ಟೆ.

“ಯಾವ ನಾ?”

“ಕನ್ನಡದ್ದು, ಟೀಚರ್.”

ಉದ್ಘಾಟನೆಯ ಹೊತ್ತಿಗೆ ಬಂದಿ ಮುಗಿದು ದೋಣಿಗಳು ಮತ್ತೆ ನೀರಿಗಿಳಿದಿದ್ದವು. ಅಂದು ಬಂಗಡೆ ಮೀನು ರಾಶಿ ಬಿದ್ದಿತ್ತು. ಅವಳ ತಾಯಿಗೆ ಬರಲಾಗಲಿಲ್ಲ. ಅವಳು ಆರಿಸಿದ ಪುಟವನ್ನು ನಾನು ಮೊದಲೇ ನೋಡಿದ್ದೆ, ಅದರ ಮಧ್ಯದಲ್ಲಿ ‘ಮಳೆ’ ಇತ್ತು. ಬೇರೆ ಪುಟ ತೆಗೆದುಕೋ ಎನ್ನಲು ಎರಡು ಸಲ ಬಾಯಿ ತೆರೆದು ಸುಮ್ಮನಾಗಿದ್ದೆ. ಅವಳು ಓದತೊಡಗಿದಳು. ಸ್ವರ ಸಣ್ಣದು, ಆದರೆ ನಡುಗುತ್ತಿರಲಿಲ್ಲ. ಆ ಮಾತಿಗೆ ಇನ್ನೂ ಎರಡು ಸಾಲು ಇರುವಾಗ ಹೊರಗೆ ನಿಜವಾದ ಮಳೆಯೇ ಬಂದು ತಗಡಿನ ಮಾಡಿನ ಮೇಲೆ ಬಿತ್ತು. ಏನೂ ಕೇಳದಂತಾಯಿತು. ಅತಿಥಿಗಳು ಮಾಡು ನೋಡಿದರು, ಹೆಡ್ ಮಾಸ್ತರರು ಗಡಿಯಾರ ನೋಡಿದರು. ಅವಳು ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾದಳು. ಹಿಂದಿನ ಬೆಂಚಿನ ಹುಡುಗರೂ ಕಾದರು. ಮಳೆ ಸ್ವಲ್ಪ ತಗ್ಗಿದ ಮೇಲೆ ಬೆರಳು ಇದ್ದಲ್ಲಿಂದಲೇ ಮುಂದುವರಿಸಿದಳು. ‘ಮಳೆ’ ಬಂತು, ಹೋಯಿತು. ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಗಮನಿಸಿದವರು ಬಹುಶಃ ನಾವಿಬ್ಬರೇ.

ಎರಡು ದಿನ ಬಿಟ್ಟು ತಾಯಿ ಅಕ್ಕಿ ಖೋಲಿಗೆ ಬಂದರು. ಮೀನು ಮಾರಿ ನೇರ ಬಂದಿದ್ದರು. ಹೊಸ ವಸ್ತು ವಾಸನೆ ಹಿಡಿಯುತ್ತದೆ ಎಂದು ಹೆಡ್‌ಫೋನು ಮುಟ್ಟಲು ಒಪ್ಪಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಾನೇ ಅವರ ಕಿವಿಗೆ ಹಾಕಿ, ಉದ್ಘಾಟನೆಯ ದಿನ ರೆಕಾರ್ಡ್ ಮಾಡಿಟ್ಟಿದ್ದ ಮಗಳ ಓದನ್ನು ಹಚ್ಚಿದೆ. ಮಗಳು ‘ಬ್ಲೌಸ್ ಪೀಸ್’ನ ಮುಂದೆ ನಿಂತು, ಜೋಡಿಸಿದ್ದ ಪುಸ್ತಕಗಳನ್ನೇ ಮತ್ತೆ ಜೋಡಿಸುತ್ತಿದ್ದಳು.

ತಾಯಿ ಕಣ್ಣು ಮುಚ್ಚಿ ಕೇಳಿದರು. ನಡುವೆ ಹುಬ್ಬು ಗಂಟಿಕ್ಕಿದರು.

“ಬರೀ ಪಾವ್ಸವೇ ಕೇಳ್ತದಲ್ರಾ, ಅಕ್ಕೋರೆ,” ಎಂದರು, ಕಿವಿ ಮುಚ್ಚಿದವರು ಮಾತಾಡುವಂತೆ ಜೋರಾಗಿ.

ಸ್ವಲ್ಪ ನಿಲ್ಲಿ ಎಂದು ಕೈಸನ್ನೆ ಮಾಡಿದೆ. ಅವರು ನಿಂತರು. ಅವರ ಹುಬ್ಬು ಸಡಿಲವಾದದ್ದನ್ನು ನೋಡಿ, ಮಗಳ ಸ್ವರ ತಿರುಗಿ ಬಂತೆಂದು ತಿಳಿದೆ. ಪುಟ ಮುಗಿದ ಮೇಲೂ ಅವರು ಕಣ್ಣು ತೆರೆಯಲಿಲ್ಲ. ನಾನು ಹೆಡ್‌ಫೋನು ತೆಗೆದ ಮೇಲೆ, ಹತ್ತನೆಯ ಕ್ಲಾಸಿನವರಿಗೂ ಈ ಖೋಲಿ ಉಂಟಾ ಎಂದು ಕೇಳಿದರು.

ಉತ್ತರ ನಾನು ಕೊಡುವ ಮೊದಲೇ ‘ಬ್ಲೌಸ್ ಪೀಸ್’ನ ಕಡೆಯಿಂದ ಬಂತು.

“ಉಂಟು, ಆಯಿ.”